ಎದುರುತೂಕ

ಹದಿನಾರು ವರ್ಷ ಸ್ಟೂಲಿನ ಮೇಲೆ ಕೂತು
ಜನರನ್ನು ಮೇಲಕ್ಕೆ ಒಯ್ದಿದ್ದೇನೆ.
ಬಲಗೈಗೆ ಹಿತ್ತಾಳೆಯ ಹಿಡಿ, ಎಡಗೈಗೆ ಜಾಲರಿ ಬಾಗಿಲು,
ಕಾಲಿಗೆ ಏನೂ ಕೆಲಸವಿಲ್ಲ.
ಬಲಾರ್ಡ್ ಪಿಯರಿನ ಈ ಹಳೇ ಕಟ್ಟಡಕ್ಕೆ
ಐದು ಮಜಲು, ಒಂದು ಲಿಫ್ಟು,
ಅದರೊಳಗೆ ಖಾಕಿಯಲ್ಲಿ ನಾನು.

ಒಮ್ಮೆ ಕರೆಂಟು ಹೋದಾಗ
ಮೂರನೇ ಮಜಲಿನ ಕಾಪಡಿಯಾ ಬಾಯಿಯ ಚೀಲ ಹಿಡಿದು
ಮೆಟ್ಟಿಲು ಹತ್ತಿದೆ.
ಎರಡನೇ ತಿರುವಿನಲ್ಲಿ ಮಂಡಿ ಮಾತಾಡಿತು.
ಎಪ್ಪತ್ತು ದಾಟಿದ ಆಕೆ ಚೀಲ ಇಸಿದುಕೊಂಡು
"ನೀನು ಕೂತುಕೋ ಭಾಯಿ" ಎಂದಳು.
ಕೂತೆ. ಬರುವ ಕೆಲಸ ಅದೊಂದೇ ತಾನೆ.

ಮಾರನೇ ಬೆಳಗಿನ ಐದಕ್ಕೆ ತಾರಸಿ.
ನೀರಿನ ಟಾಕಿಯ ಹಿಂದೆ ಪಾರಿವಾಳದ ಹಿಕ್ಕೆ ಗುಡಿಸಿ
ಬಸ್ಕಿ ಹೊಡೆದೆ.
ಅಂಕೋಲೆಯ ಶಾಲೆಯಲ್ಲಿ ಮಗ್ಗಿ ತಪ್ಪಿದ್ದಕ್ಕೆ ಕಲಿತದ್ದು,
ಕಿವಿ ಹಿಡಿಯದೆ ಹೊಡೆದದ್ದು ಇದೇ ಮೊದಲು.
ಏಳು ಬಂದವು.
ಹದಿಮೂರರ ಮಗ್ಗಿ ಈಗಲೂ ಬರುವುದಿಲ್ಲ.

ಮಳೆಗಾಲ ಮುಗಿಯುವಷ್ಟರಲ್ಲಿ ಏಳು ನಲವತ್ತಾಯಿತು.
ಜೊತೆಗೆ ಇಪ್ಪತ್ತು ದಂಡ.
ಆಮೇಲೆ ಮೈ ಜಾಣತನ ಕಲಿಯಿತು,
ನನ್ನ ಅರವತ್ತೆಂಟು ಕಿಲೋವನ್ನು ಬಾಯಿಪಾಠ ಮಾಡಿಕೊಂಡು
ಬೇರೆ ಏನೋ ಯೋಚಿಸುತ್ತಲೇ ಒಪ್ಪಿಸಿಬಿಡುತ್ತಿತ್ತು.
ಅದಕ್ಕೊಂದು ತಂಟೆ ಬೇಕಿತ್ತು.

ಜಿಮ್ಮಿನ ಬಾಗಿಲಿಗೆ ಬರೆದ ತಿಂಗಳ ರೊಕ್ಕ
ನಾನು ಊರಿಗೆ ಕಳಿಸುವುದಕ್ಕಿಂತ ಹೆಚ್ಚು.
ಕಟ್ಟಡವನ್ನೇ ಕೇಳಿದೆ.

ನಾಲ್ಕನೇ ಮಜಲಿನ ಹಡಗು ಕಂಪನಿ
ರದ್ದಿಗೆ ಹಾಕಿದ ಖಾತೆಪುಸ್ತಕ ಆರು:
ಬಸ್ರಾದಿಂದ ಬಂದ ಖರ್ಜೂರ, ಮೊಂಬಾಸಾಕ್ಕೆ ಹೋದ ಹಂಚು.
ಯಾರದೋ ಶಾಲಾಚೀಲದಲ್ಲಿ ತುಂಬಿ ಬೆನ್ನಿಗೇರಿಸಿದೆ.
ದಂಡಕ್ಕೆ ಬಾಗಿದ್ದೇ ಚೀಲ ಜಾರಿ
ಮೊಂಬಾಸಾ ತಲೆಗೆ ಬಡಿಯಿತು.
ಪಂಚೆಯ ಚೂರಿನಿಂದ ಸೊಂಟಕ್ಕೆ ಬಿಗಿದ ಮೇಲೆ ಸುಮ್ಮನಾಯಿತು.

ಪಾವ್ ತರುವ ಮುನೀರನ ಸೈಕಲ್ ಟ್ಯೂಬು,
ತೇಪೆಯ ಮೇಲೆ ತೇಪೆ ಬಿದ್ದು ಸೋತದ್ದು.
ಬೆನ್ನ ಮೇಲೆ ಹಾಯಿಸಿ ಎರಡು ತುದಿ ಅಂಗೈಯಡಿ ಒತ್ತಿದರೆ
ಇಳಿವಾಗ ನೆಂಟ, ಏಳುವಾಗ ಸುಂಕದವ.
ಅವನ ಮುಂದೆ ನನ್ನ ಉಸಿರು
ಸುಖ ದುಃಖ ಹೇಳಿಕೊಂಡದ್ದೇ ಬಂತು.

ಎಣ್ಣೆ ಡಬ್ಬಿಗೆ ನೀರು.
ತುಂಬಿದ ಕೊಡ ತುಳುಕುವುದಿಲ್ಲ, ನಿಜ.
ಅರ್ಧ ತುಂಬಿದ್ದನ್ನು ಎದೆಗವಚಿ ಬಸ್ಕಿ ಹೊಡೆದು ನೋಡಿ,
ಅರ್ಧದ್ದೇ ಹೆಚ್ಚು ಭಾರ.

ದೀಪಾವಳಿಗೆ ಮುಂಚೆ
ಗ್ರೀಸು ಹಚ್ಚಲು ಬಂದ ಕೇರ್ಸಿ ಮಿಸ್ತ್ರಿ
ಯಂತ್ರದ ಕೋಣೆಯಿಂದ ಇಣುಕಿ ಬಹಳ ಹೊತ್ತು ನೋಡಿದ.
"ಎಲ್ಲ ಕಳಚು."
ಚೀಲ, ಟ್ಯೂಬು.
"ಈಗ ದಂಡಕ್ಕೆ ಇಳಿ. ಮಜಲಿಗೊಂದು ಉಸಿರು.
ಏರಿಸುವುದನ್ನು ಯಾವ ಮೋಟರೂ ಮಾಡುತ್ತದೆ,
ಇಳಿಸುವುದರಲ್ಲಿ ಲಿಫ್ಟಿನ ಮರ್ಯಾದೆ."

ಐದರಿಂದ ಹೊರಟೆ.
ನಾಲ್ಕರಲ್ಲಿ ತೋಳು ಬಿಸಿಯಾಯಿತು.
ಮೂರರಲ್ಲಿ, ಎಂದೂ ಪರಿಚಯವಿರದ ಒಂದು ಸ್ನಾಯು
ಪಕ್ಕೆಯಿಂದ ಎದ್ದು ಹೆಸರು ಹೇಳಿತು.
ಎರಡರಲ್ಲಿ ಕೆಳಗಿನ ರಸ್ತೆ: ಪೇಪರಿನ ಸೈಕಲ್ಲು,
ಡಾಕಿನ ಪಾಳಿಗೆ ಓಡುವ ಚಪ್ಪಲಿಗಳು, ಜಲ್ದಿ ಜಲ್ದಿ ಎಂಬ ಹಾರ್ನು.
ಒಂದರಲ್ಲಿ, ನೆಲಕ್ಕೆ ನಾಲ್ಕು ಬೆರಳು ಮೇಲೆ,
ಇಡೀ ಮುಂಬಯಿ ಹೋಗು ಹೋಗು ಎಂದು ತಳ್ಳುತ್ತಿರಲು
ಗಡಗಡ ನಡುಗುತ್ತ ತಡೆದು ನಿಂತೆ.
ಬೆವರ ಹನಿ ನನಗಿಂತ ಮೊದಲು ತಲುಪಿತು.

ಲಿಫ್ಟಿನ ಬೆನ್ನಿಗೆ, ಕತ್ತಲಲ್ಲಿ,
ಕಬ್ಬಿಣದ ಒಂದು ಗಡ್ಡೆ ತೂಗಾಡುತ್ತದೆ.
ನಾವು ಏರಿದಷ್ಟೂ ಅದು ಇಳಿಯಬೇಕು.
ಈ ಕಟ್ಟಡದಲ್ಲಿ ಅದನ್ನು ಕಂಡವರಿಲ್ಲ,
ನಾನೂ ಒಮ್ಮೆ ಮಾತ್ರ, ಬಾಗಿಲು ಕೆಟ್ಟ ದಿನ.
ಮೈತುಂಬ ಧೂಳು, ಮೇಲೊಂದು ಪಾರಿವಾಳದ ಗರಿ.

ಮಧ್ಯಾಹ್ನ ಒಂದರಿಂದ ಎರಡು ಲಿಫ್ಟು ಬಂದ್.
ಜಾಲರಿ ಎಳೆದು, ಖಾಕಿ ಕಳಚಿ ಕೊಂಡಿಗೆ ಹಾಕಿ
ಈಗ ಸ್ಟೂಲಿನ ಮೇಲೆ ಪಾದ ಇಡುತ್ತೇನೆ,
ಅಂಗೈ ನೆಲಕ್ಕೆ.
ಯಾರೋ ಗಂಟೆ ಒತ್ತುತ್ತಾರೆ, ಮತ್ತೆ ಒತ್ತುತ್ತಾರೆ.
ಒತ್ತಲಿ.
ನಾನಿನ್ನೂ ಎರಡರಲ್ಲಿದ್ದೇನೆ,
ಇಳಿಯುತ್ತಿದ್ದೇನೆ.